ಕರಿಬಟ್ಟೆಯ ಕಡತ, ಕೆಟ್ಟುಹೋದ ಎಸ್‌ಎಸ್‌ಡಿ

ಆಷಾಢದ ಗಾಳಿಮಳೆಗೆ ಕುಮಟಾದಲ್ಲಿ ಕರೆಂಟು ಹೋಗುವುದು ಸುದ್ದಿಯೇ ಅಲ್ಲ. ಆದರೆ ಕಳೆದ ಮಳೆಗಾಲದ ಒಂದು ಸಂಜೆ ಹೋದ ಕರೆಂಟು ನಮ್ಮ ಮನೆಯ ಪಾಲಿಗೆ ದೊಡ್ಡ ಸುದ್ದಿಯಾಯಿತು. ಅಜ್ಜ ಅರ್ಥ ಹೇಳಿದ್ದ ತಾಳಮದ್ದಲೆಗಳ 32 ಕ್ಯಾಸೆಟ್ಟುಗಳನ್ನು ಕೆಲವು ವರ್ಷಗಳ ಹಿಂದೆ ಕಂಪ್ಯೂಟರಿಗೆ ಇಳಿಸಿ, ಅಲ್ಲಿಂದ ಅಂಗೈಯಗಲದ ಒಂದು ಎಸ್‌ಎಸ್‌ಡಿಗೆ ತುಂಬಿಸಿ ಇಟ್ಟಿದ್ದೆವು. ಬೂಷ್ಟು ಹಿಡಿದ ಕ್ಯಾಸೆಟ್ಟುಗಳು ಗುಜರಿಗೆ ಹೋದವು. ಅಜ್ಜ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಆ ಸಂಜೆ ಎಸ್‌ಎಸ್‌ಡಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿ ಇನ್ನಷ್ಟು ಫೋಟೋಗಳನ್ನು ಸೇರಿಸುತ್ತಿದ್ದಾಗ ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಮನೆಯಲ್ಲಿ ಯುಪಿಎಸ್ ಇರಲಿಲ್ಲ. ಕೊನೆಗೆ ಕರೆಂಟು ನಿಂತ ಮೇಲೆ ತೆರೆದು ನೋಡಿದರೆ ಕರ್ಣಪರ್ವ, ವಾಲಿವಧೆ ಎಂಬ ಹೆಸರುಗಳಿದ್ದಲ್ಲಿ ಯಾವ ಭಾಷೆಗೂ ಸೇರದ ಅಕ್ಷರಗಳ ಸಾಲು. ‘ಈ ಡ್ರೈವಿನಲ್ಲಿ ತೊಂದರೆಯಿದೆ, ಪರೀಕ್ಷಿಸಿ ಸರಿಪಡಿಸಲೇ?’ ಎಂದು ಕಂಪ್ಯೂಟರು ಕೇಳಿತು. ಗಡಿಬಿಡಿಯಲ್ಲಿ ಹೂಂ ಎಂದುಬಿಟ್ಟೆ.

ಹಾಗೆ ಹೂಂ ಎಂದದ್ದು ಎಷ್ಟು ದೊಡ್ಡ ತಪ್ಪು ಎಂಬುದು ಆಮೇಲೆ ತಿಳಿಯಿತು. ಅದು ಏಕೆ ತಪ್ಪು, ಅಜ್ಜನ ದನಿ ಎಲ್ಲಿ ಹೋಗಿರಬಹುದು ಎಂದು ಹುಡುಕುತ್ತ ಹೋದರೆ ಆ ದಾರಿ ಎಸ್‌ಎಸ್‌ಡಿಯಿಂದ ಹಿಂದಕ್ಕೆ, ನಮ್ಮ ಕರಾವಳಿಯ ಶಾನುಭೋಗರ ಲೆಕ್ಕದ ಪುಸ್ತಕದವರೆಗೂ ಸಾಗುತ್ತದೆ.

ಕಡತವೆಂಬ ಮಾತು

ಕಂಪ್ಯೂಟರಿನ ‘ಫೈಲ್’ ಎಂಬುದಕ್ಕೆ ಕನ್ನಡದಲ್ಲಿ ‘ಕಡತ’ ಎನ್ನುತ್ತೇವೆ. ಸರಕಾರಿ ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಸಾಗುವ ಕಾಗದದ ಕಟ್ಟಿಗೂ ಅದೇ ಹೆಸರು. ಆದರೆ ಮೊದಲಿನ ಕಡತ ಕಾಗದದ್ದಾಗಿರಲಿಲ್ಲ, ಬಟ್ಟೆಯದಾಗಿತ್ತು. ಹತ್ತಿಯ ಉದ್ದನೆಯ ಪಟ್ಟಿಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿ ಕಲಸಿದ ಸರಿಯನ್ನು ಎರಡೂ ಬದಿಗೆ ಬಳಿದು ಒಣಗಿಸಿ, ಅದನ್ನು ಕತ್ತರಿಸದೆ ಒಂದರ ಮೇಲೊಂದು ಮಡಿಕೆಯಾಗಿ ಮಡಚಿ, ಎರಡು ತುದಿಗೂ ಮರದ ಹಲಗೆ ಕೂಡಿಸುತ್ತಿದ್ದರು. ಬರೆಯುವುದು ಬಳಪದ ಕಡ್ಡಿಯಿಂದ. ಕಪ್ಪು ನೆಲದ ಮೇಲೆ ಬಿಳಿ ಅಕ್ಷರ.

ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರತಂದ ತನ್ನ ಇತಿಹಾಸ ಗ್ರಂಥದ ಮೊದಲ ಸಂಪುಟದಲ್ಲಿ ಇದನ್ನು ವಿವರವಾಗಿ ಬಣ್ಣಿಸಿದ್ದಾನೆ. ಅವನು ಕೊಡುವ ಅಳತೆಯ ಪ್ರಕಾರ ಪಟ್ಟಿಯ ಅಗಲ 8 ಅಂಗುಲದಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ. ಊರಿನ ಲೆಕ್ಕವನ್ನೂ ವ್ಯಾಪಾರದ ಲೆಕ್ಕವನ್ನೂ ಇದರಲ್ಲೇ ಇಡುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂತಹ ಕಡತಗಳು ಉಳಿದುಬಂದಿದ್ದು, ಇತಿಹಾಸಕಾರರಿಗೆ ಅವು ಆಕರವಾಗಿವೆ.

ಕಡತದ ದೊಡ್ಡ ಗುಣವೆಂದರೆ ಅಳಿಸಿ ಮತ್ತೆ ಬರೆಯಬಹುದಾಗಿತ್ತು. ತಾಳೆಗರಿಯ ಮೇಲೆ ಕಂಟದಿಂದ ಕೊರೆದದ್ದನ್ನು ಅಳಿಸಲಾಗದು, ಶಿಲಾಶಾಸನವನ್ನಂತೂ ಕೇಳುವುದೇ ಬೇಡ. ಕಡತವನ್ನು ಮಾತ್ರ ಒರೆಸಿ, ಮತ್ತೆ ಕಪ್ಪು ಬಳಿದು, ಹೊಸದಾಗಿ ಬರೆಯಬಹುದಿತ್ತು. ಅದರ ದೋಷವೂ ಅದೇ. ಅಳಿಸಬಹುದಾದದ್ದು ಆಕಸ್ಮಿಕವಾಗಿಯೂ ಅಳಿಯಬಲ್ಲದು. ಒರೆಸಿ ಬರೆಯುವ ಈ ಗುಣವೇ ಎರಡು ಶತಮಾನಗಳ ನಂತರದ ಎಸ್‌ಎಸ್‌ಡಿಯಲ್ಲೂ ಇದೆ. ದೋಷವೂ ಇದೆ.

ಸದ್ದು ಮಾಡುತ್ತಿದ್ದ ತಟ್ಟೆ

ಕಂಪ್ಯೂಟರಿನ ಶಾಶ್ವತ ಸ್ಮೃತಿಗೆ ಬಹುಕಾಲ ಆಧಾರವಾಗಿದ್ದದ್ದು ತಿರುಗುವ ತಟ್ಟೆ, ಅಂದರೆ ಹಾರ್ಡ್ ಡಿಸ್ಕ್. 1956ರಲ್ಲಿ ಐಬಿಎಂ ಕಂಪನಿ ಹೊರತಂದ ರ‍್ಯಾಮ್ಯಾಕ್ ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಅವೆಲ್ಲ ಸೇರಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಇಂದಿನ ಮೊಬೈಲಿನ ಎರಡು ಮೂರು ಫೋಟೋಗಳಿಗೂ ಅದು ಸಾಲದು.

ಹಾರ್ಡ್ ಡಿಸ್ಕಿಗೆ ಚಲಿಸುವ ಭಾಗಗಳಿವೆ. ಆದ್ದರಿಂದ ಅದು ಕೆಡುವ ಮೊದಲು ಅನೇಕ ಸಲ ಟಕ್ ಟಕ್ ಎಂದೋ ಕಿರ್ರ್ ಎಂದೋ ಸದ್ದು ಮಾಡಿ ಎಚ್ಚರಿಸುತ್ತಿತ್ತು. ಅದರಲ್ಲಿ ಅಳಿಸಿದ ಕಡತ ಕೂಡಲೇ ಮಾಯವಾಗುತ್ತಲೂ ಇರಲಿಲ್ಲ. ಹೆಸರಿನ ಪಟ್ಟಿಯಿಂದ ಹೆಸರು ಹೋಗುತ್ತಿತ್ತೇ ವಿನಾ ಒಳಗಿನ ಮಾಹಿತಿ ಅದರ ಮೇಲೆ ಬೇರೆಯದನ್ನು ಬರೆಯುವವರೆಗೂ ಹಾಗೆಯೇ ಉಳಿದಿರುತ್ತಿತ್ತು. ಎಷ್ಟೋ ರಿಪೇರಿಯವರು ಕಳೆದುಹೋದದ್ದನ್ನು ಮರಳಿ ತಂದದ್ದು ಈ ಉಳಿಕೆಯಿಂದಲೇ.

ಈ ತಟ್ಟೆಯನ್ನು ಮೂಲೆಗೆ ಸರಿಸಿದ್ದು ಫ್ಲ್ಯಾಶ್ ಮೆಮೊರಿ. ಅದನ್ನು ಕಂಡುಹಿಡಿದವರು ಜಪಾನಿನ ತೋಶಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೋಕಾ. 1984ರಲ್ಲಿ ಮೊದಲ ಬಗೆಯನ್ನೂ 1987ರಲ್ಲಿ ‘ನ್ಯಾಂಡ್’ ಎಂಬ ಬಗೆಯನ್ನೂ ಅವರು ವಿದ್ವತ್ ಸಭೆಯ ಮುಂದಿಟ್ಟರು. ಕ್ಯಾಮೆರಾದ ಫ್ಲ್ಯಾಶ್ ಬೆಳಗಿದಂತೆ ಒಂದೇ ಸಲಕ್ಕೆ ದೊಡ್ಡ ಭಾಗ ಅಳಿದುಹೋಗುವುದರಿಂದ ಅವರ ಸಹೋದ್ಯೋಗಿಯೊಬ್ಬರು ಆ ಹೆಸರು ಸೂಚಿಸಿದರಂತೆ. ಅಂದರೆ ಈ ತಂತ್ರಕ್ಕೆ ಹೆಸರು ಬಂದದ್ದು ಅದು ನೆನಪಿಡುವುದರಿಂದಲ್ಲ, ಅಳಿಸುವುದರಿಂದ. 1991ರಲ್ಲಿ ಅಮೆರಿಕದ ಸನ್‌ಡಿಸ್ಕ್ ಕಂಪನಿ ಐಬಿಎಂಗಾಗಿ 20 ಮೆಗಾಬೈಟಿನ ಫ್ಲ್ಯಾಶ್ ಎಸ್‌ಎಸ್‌ಡಿ ತಯಾರಿಸಿತು. ಬೆಲೆ ಸುಮಾರು ಸಾವಿರ ಡಾಲರ್. ಮುಂದೆ ಸ್ಯಾನ್‌ಡಿಸ್ಕ್ ಎಂದು ಹೆಸರು ಬದಲಿಸಿದ ಆ ಕಂಪನಿಯ ಮೂವರು ಸ್ಥಾಪಕರಲ್ಲಿ ಒಬ್ಬರಾದ ಸಂಜಯ್ ಮೆಹ್ರೋತ್ರಾ ಕಾನ್ಪುರದಲ್ಲಿ ಹುಟ್ಟಿದವರು.

ಒರೆಸುವ ಕಷ್ಟ

ಎಸ್‌ಎಸ್‌ಡಿಯೊಳಗೆ ಕೋಟಿಗಟ್ಟಲೆ ಸಣ್ಣ ಕೋಶಗಳಿವೆ. ಒಂದೊಂದು ಕೋಶವೂ ಸುತ್ತಲೂ ಗೋಡೆ ಕಟ್ಟಿದ ಕೋಣೆಯಿದ್ದಂತೆ. ಹೆಚ್ಚಿನ ವಿದ್ಯುತ್ ಒತ್ತಡ ಕೊಟ್ಟು ಅದರೊಳಗೆ ಎಲೆಕ್ಟ್ರಾನುಗಳನ್ನು ಸೆರೆಹಿಡಿಯುತ್ತಾರೆ. ಕರೆಂಟು ಹೋದರೂ ಅವು ಒಳಗೇ ಇರುತ್ತವೆ. ಕೋಣೆ ತುಂಬಿದೆಯೇ, ಖಾಲಿಯೇ, ಎಷ್ಟು ತುಂಬಿದೆ ಎಂಬುದನ್ನು ಅಳೆದು ಮಾಹಿತಿಯನ್ನು ಓದುತ್ತಾರೆ.

ಇಲ್ಲಿ ಒಂದು ತೊಡಕಿದೆ. ಬರೆದ ಜಾಗದ ಮೇಲೆ ನೇರವಾಗಿ ಮತ್ತೆ ಬರೆಯುವಂತಿಲ್ಲ. ಮೊದಲು ಒರೆಸಬೇಕು. ಬರೆಯುವುದು ಪುಟ ಪುಟವಾಗಿ, ಒರೆಸುವುದು ಮಾತ್ರ ನೂರಾರು ಪುಟಗಳ ಒಂದು ಕಂತೆಯನ್ನೇ. ಒರೆಸಿದಷ್ಟೂ ಗೋಡೆ ಸವೆಯುತ್ತದೆ. ಕೋಶಕ್ಕೆ ಒಂದೇ ಬಿಟ್ ತುಂಬುವ ಹಳೆಯ ಬಗೆ ಸುಮಾರು ಒಂದು ಲಕ್ಷ ಸಲದ ಒರೆಸುವಿಕೆಯನ್ನು ತಾಳುತ್ತಿತ್ತು. ಮೂರು ಬಿಟ್ ತುಂಬುವ ಈಗಿನ ಅಗ್ಗದ ಬಗೆಗೆ ಕೆಲವು ಸಾವಿರ ಸಲವಾದರೆ ಹೆಚ್ಚು.

ಆದ್ದರಿಂದ ಎಸ್‌ಎಸ್‌ಡಿಯೊಳಗೆ ಸಣ್ಣದೊಂದು ಕಂಪ್ಯೂಟರೇ ಇರುತ್ತದೆ. ಎಲ್ಲ ಕಂತೆಗಳೂ ಸಮನಾಗಿ ಸವೆಯಲೆಂದು ಅದು ಮಾಹಿತಿಯನ್ನು ಸದಾ ಸ್ಥಳಾಂತರಿಸುತ್ತ, ಯಾವುದು ಎಲ್ಲಿದೆ ಎಂಬ ತನ್ನದೇ ಒಂದು ಪಟ್ಟಿಯನ್ನು ಇಟ್ಟುಕೊಂಡಿರುತ್ತದೆ. ಪಟ್ಟಿ ಬರೆಯುತ್ತಿರುವ ಗಳಿಗೆಯಲ್ಲೇ ಕರೆಂಟು ಹೋದರೆ ಪಟ್ಟಿ ಕೆಡಬಹುದು. 2011ರಲ್ಲಿ ಇಂಟೆಲ್ ಕಂಪನಿಯ 320 ಶ್ರೇಣಿಯ ಕೆಲವು ಎಸ್‌ಎಸ್‌ಡಿಗಳು ಹೀಗೆ ಹಠಾತ್ತನೆ ಕರೆಂಟು ಹೋದ ನಂತರ ತಮ್ಮ ಸಾಮರ್ಥ್ಯ ಬರೀ 8 ಮೆಗಾಬೈಟ್ ಎಂದು ಹೇಳಿಕೊಳ್ಳತೊಡಗಿದ್ದವು. ಕಂಪನಿ ಅದೇ ವರ್ಷ ತಿದ್ದುಪಡಿಯ ತಂತ್ರಾಂಶ ಕೊಟ್ಟಿತು. 2019ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಇನ್ನೂ ವಿಚಿತ್ರವಾದ ಎಚ್ಚರಿಕೆ ಹೊರಡಿಸಿತು. ಅದರ ಕೆಲವು ಎಸ್‌ಎಸ್‌ಡಿಗಳು 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ ಓಡಿದ ಕೂಡಲೇ ಸತ್ತುಹೋಗುತ್ತಿದ್ದವು. ತಂತ್ರಾಂಶದ ದೋಷವೇ ಕಾರಣ, ಕೋಶಗಳು ಸವೆದಿರಲಿಲ್ಲ. ಒಂದೇ ದಿನ ಕೊಂಡು ಒಟ್ಟಿಗೆ ಚಾಲೂ ಮಾಡಿದ ನಾಲ್ಕು ಡ್ರೈವುಗಳಲ್ಲಿ ನಾಲ್ಕು ಪ್ರತಿ ಇಟ್ಟಿದ್ದರೂ ನಾಲ್ಕೂ ಒಂದೇ ಗಳಿಗೆಗೆ ಹೋಗುವ ಸಂಭವವಿತ್ತು.

ಇಷ್ಟಾಗಿ ಎಸ್‌ಎಸ್‌ಡಿ ಸದ್ದು ಮಾಡುವುದಿಲ್ಲ. ನಿನ್ನೆ ಇತ್ತು, ಇವತ್ತು ಇಲ್ಲ.

ಕಿರ್ದಿ ಬರೆಯದ ಅಂಗಡಿ

ಇದುವರೆಗೆ ಹೇಳಿದ್ದು ಪೆಟ್ಟಿಗೆಯ ಕಾಯಿಲೆ. ನಮ್ಮ ಮನೆಯಲ್ಲಿ ಆದದ್ದು ಅದಲ್ಲ. ಅದು ಫೈಲ್ ಸಿಸ್ಟಮ್ಮಿನ ಕಾಯಿಲೆ.

ಡ್ರೈವಿನೊಳಗಿನ ಪಟ್ಟಿಯ ಮೇಲೆ ಇನ್ನೊಂದು ಪಟ್ಟಿ ಇರುತ್ತದೆ. ಅದನ್ನು ಬರೆಯುವುದು ವಿಂಡೋಸ್ ಅಥವಾ ಲಿನಕ್ಸ್‌ನಂತಹ ಕಾರ್ಯವ್ಯವಸ್ಥೆ. ಕರ್ಣಪರ್ವ ಎಂಬ ಹೆಸರಿನ ಕಡತ ಯಾವ ಮನೆಯಿಂದ ಶುರುವಾಗಿ ಯಾವ ಯಾವ ಮನೆಗಳಲ್ಲಿ ಹರಡಿದೆ ಎಂಬುದು ಈ ಪಟ್ಟಿಯಲ್ಲಿದೆ. ಇದೇ ಫೈಲ್ ಸಿಸ್ಟಮ್. ಪಟ್ಟಿ ಹರಿದರೆ ಸಾಮಾನು ಗೋದಾಮಿನಲ್ಲೇ ಇದ್ದರೂ ಸಿಗದು.

ಇದಕ್ಕೆ ಪರಿಹಾರವನ್ನು ನಮ್ಮ ಪೇಟೆಯ ಅಂಗಡಿಕಾರರು ಎಂದೋ ಕಂಡುಕೊಂಡಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡದ ಕಡೆಯ ಹತ್ತಿ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗೇರುತ್ತಿತ್ತು. ಹೊರದೇಶದ ಮಾರುಕಟ್ಟೆಯಲ್ಲೂ ಅದಕ್ಕೆ ‘ಕುಮ್ಟಾ’ ಹತ್ತಿ ಎಂದೇ ಹೆಸರು. ಅಂತಹ ವ್ಯಾಪಾರದ ಲೆಕ್ಕ ಒಂದೇ ಪುಸ್ತಕದಲ್ಲಿ ನಿಲ್ಲುವುದಿಲ್ಲ. ಆದ ವ್ಯವಹಾರವನ್ನು ಆದ ಕ್ರಮದಲ್ಲೇ ಮೊದಲು ಕಿರ್ದಿಯಲ್ಲಿ ಬರೆಯುವುದು, ಆಮೇಲೆ ಅದನ್ನು ಅವರವರ ಖಾತೆಗೆ ಏರಿಸುವುದು ವ್ಯಾಪಾರಿಗಳ ಪದ್ಧತಿ. ಖಾತೆಗೆ ಏರಿಸುವ ನಡುವೆ ಯಾರೋ ಕರೆದು ಎದ್ದುಹೋದರೂ ಚಿಂತೆಯಿಲ್ಲ. ಮರಳಿ ಬಂದು ಕಿರ್ದಿ ನೋಡಿ ಅರ್ಧವಾದದ್ದನ್ನು ಪೂರ್ತಿ ಮಾಡಬಹುದು.

ಕಂಪ್ಯೂಟರಿನವರು ಇದನ್ನೇ ‘ಜರ್ನಲ್’ ಎಂದು ಕರೆದರು. 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂದ ಎನ್‌ಟಿಎಫ್‌ಎಸ್, 2001ರಲ್ಲಿ ಲಿನಕ್ಸಿಗೆ ಸೇರಿದ ಎಕ್ಸ್ಟ್3 ಇವೆಲ್ಲ ಕಿರ್ದಿ ಬರೆಯುವ ಪದ್ಧತಿಗಳು. ಪಟ್ಟಿಯಲ್ಲಿ ಮಾಡಲಿರುವ ಬದಲಾವಣೆಯನ್ನು ಮೊದಲು ಜರ್ನಲ್ಲಿನಲ್ಲಿ ಬರೆದು, ನಂತರ ಪಟ್ಟಿಯನ್ನು ತಿದ್ದುತ್ತವೆ. ಕರೆಂಟು ಹೋಗಿ ಬಂದರೆ ಜರ್ನಲ್ ನೋಡಿ ಪಟ್ಟಿಯನ್ನು ಸರಿಮಾಡಿಕೊಳ್ಳುತ್ತವೆ. 1977ರಲ್ಲಿ ಹುಟ್ಟಿದ ಫ್ಯಾಟ್ ಪದ್ಧತಿ ಮಾತ್ರ ಕಿರ್ದಿಯಿಲ್ಲದ ಅಂಗಡಿ. ನೇರ ಖಾತೆಗೇ ಬರೆಯುತ್ತದೆ. ಅನೇಕ ಪೆನ್‌ಡ್ರೈವ್, ಮೆಮೊರಿ ಕಾರ್ಡುಗಳಲ್ಲಿ ಇಂದಿಗೂ ಇರುವುದು ಅದರ ವಂಶದ ಪದ್ಧತಿಗಳೇ. ಮನೆಯ ಹಳೆಯ ಟಿವಿಯಲ್ಲೂ ಹಾಡಲಿ ಎಂಬ ಆಸೆಯಿಂದ ನಾವು ಅಜ್ಜನ ಎಸ್‌ಎಸ್‌ಡಿಯನ್ನು ಫ್ಯಾಟ್‌ನಲ್ಲೇ ಸಿದ್ಧಗೊಳಿಸಿದ್ದೆವು. ಬರೆಯುತ್ತಿದ್ದಾಗ ಕರೆಂಟು ಹೋಯಿತು. ಖಾತೆ ಅರ್ಧಕ್ಕೆ ನಿಂತಿತು.

ಕಾಯಿಲೆ ಎರಡು, ಮೊದಲ ಮದ್ದು ಒಂದೇ

ಡ್ರೈವ್ ಕೈಕೊಟ್ಟಾಗ ಮೊದಲು ಕೇಳಬೇಕಾದ ಪ್ರಶ್ನೆ, ಕೆಟ್ಟಿರುವುದು ಪೆಟ್ಟಿಗೆಯೋ ಪಟ್ಟಿಯೋ ಎಂಬುದು. ಲಕ್ಷಣಗಳು ಕೆಲಮಟ್ಟಿಗೆ ಹೇಳುತ್ತವೆ. ಕಂಪ್ಯೂಟರು ಡ್ರೈವನ್ನೇ ಗುರುತಿಸದಿದ್ದರೆ, ತಪ್ಪು ಸಾಮರ್ಥ್ಯ ತೋರಿಸಿದರೆ, ಓದುವಾಗ ಮತ್ತೆ ಮತ್ತೆ ಸ್ತಬ್ಧವಾದರೆ, ಓದಲು ಬಂದರೂ ಬರೆಯಲು ಬಾರದಿದ್ದರೆ ಪೆಟ್ಟಿಗೆಯ ಮೇಲೆ ಸಂಶಯ. ಡ್ರೈವ್ ಸರಿಯಾಗಿ ಕಾಣಿಸಿಕೊಂಡು ಹೆಸರುಗಳು ಮಾತ್ರ ಗೋಜಲಾದರೆ, ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ಬಹುಮಟ್ಟಿಗೆ ಪಟ್ಟಿಯ ದೋಷ. ಸಡಿಲ ಕೇಬಲ್ಲು, ಕೆಟ್ಟ ರ‍್ಯಾಮ್ ಕೂಡ ಇವೆರಡರ ವೇಷ ಹಾಕಬಲ್ಲವು. ಆದ್ದರಿಂದ ಬೇರೆ ಕೇಬಲ್ಲು, ಬೇರೆ ಕಂಪ್ಯೂಟರಿನಲ್ಲಿ ಒಮ್ಮೆ ನೋಡುವುದು ಜಾಣತನ.

ಡ್ರೈವುಗಳು ‘ಸ್ಮಾರ್ಟ್’ ಎಂಬ ಹೆಸರಿನಲ್ಲಿ ತಮ್ಮ ಆರೋಗ್ಯದ ದಾಖಲೆಯನ್ನೂ ಇಟ್ಟುಕೊಂಡಿರುತ್ತವೆ. ಎಷ್ಟು ಗಂಟೆ ಓಡಿದೆ, ಆಯುಷ್ಯದಲ್ಲಿ ಶೇಕಡಾ ಎಷ್ಟು ಸವೆದಿದೆ, ಎಷ್ಟು ಕಂತೆಗಳು ಕೆಟ್ಟು ಬದಲಿಯಾದವು ಎಂಬುದನ್ನು ಉಚಿತ ತಂತ್ರಾಂಶಗಳಿಂದ ಓದಬಹುದು. ಕೆಟ್ಟ ಕಂತೆಗಳ ಸಂಖ್ಯೆ ಏರುತ್ತಿದ್ದರೆ ಪೆಟ್ಟಿಗೆಗೆ ಮುಪ್ಪು ಬಂದಿದೆ ಎಂದರ್ಥ. ಕೇಬಲ್ಲಿನಲ್ಲಿ ಸಾಗುವಾಗ ಆದ ತಪ್ಪುಗಳ ಸಂಖ್ಯೆ ಮಾತ್ರ ಏರಿದ್ದರೆ ಡ್ರೈವ್ ಎಸೆಯಬೇಕಿಲ್ಲ, ಕೇಬಲ್ಲು ಬದಲಿಸಿದರೆ ಸಾಕು. ಆದರೆ ಎಲ್ಲವೂ ಸರಿಯಿದೆ ಎಂದು ಹೇಳಿದ ಡ್ರೈವೂ ಮರುದಿನ ಸಾಯಬಹುದು ಎಂಬುದನ್ನು ಮರೆಯಬಾರದು.

ಕಾಯಿಲೆ ಯಾವುದೇ ಇರಲಿ, ಮೊದಲ ಮದ್ದು ಒಂದೇ. ಅದರ ಮೇಲೆ ಏನನ್ನೂ ಬರೆಯದೆ ನಿಲ್ಲಿಸುವುದು, ಇದ್ದದ್ದನ್ನು ಇದ್ದಂತೆ ಇನ್ನೊಂದು ಡ್ರೈವಿಗೆ ಪೂರ್ತಿ ನಕಲು ತೆಗೆಯುವುದು. ಓದಲಾಗದ ಜಾಗವನ್ನು ಬಿಟ್ಟು ಮುಂದೆ ಸಾಗಿ ಆಮೇಲೆ ಮರಳಿ ಪ್ರಯತ್ನಿಸುವ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಈ ಕೆಲಸಕ್ಕೆ ಹೆಸರಾಗಿದೆ. ರಿಪೇರಿ ಏನಿದ್ದರೂ ನಕಲಿನ ಮೇಲೆ. ವಿಂಡೋಸಿನ ಚೆಕ್‌ಡಿಸ್ಕ್, ಲಿನಕ್ಸಿನ ಎಫ್‌ಎಸ್‌ಸಿಕೆ ಇವುಗಳ ಕೆಲಸ ಪಟ್ಟಿಯನ್ನು ನೆಟ್ಟಗೆ ಮಾಡುವುದು. ಪಟ್ಟಿಗೆ ಹೊಂದದ ಕಡತವನ್ನು ಕತ್ತರಿಸಲೂ ಅವು ಹಿಂಜರಿಯವು. ಸಾಯುತ್ತಿರುವ ಡ್ರೈವಿನ ಮೇಲೆ ಅವನ್ನು ಓಡಿಸಿದರೆ ಉಳಿದ ಉಸಿರೂ ಹೋಗಬಹುದು.

ಇನ್ನೊಂದು ಮಾತು. ಅಳಿಸಿದ ಜಾಗ ಯಾವುದೆಂದು ಕಾರ್ಯವ್ಯವಸ್ಥೆ ‘ಟ್ರಿಮ್’ ಎಂಬ ಆದೇಶದಿಂದ ಎಸ್‌ಎಸ್‌ಡಿಗೆ ತಿಳಿಸುತ್ತದೆ. ಡ್ರೈವ್ ಬಿಡುವಾದಾಗ ಅದನ್ನು ನಿಜವಾಗಿಯೂ ಒರೆಸಿಬಿಡುತ್ತದೆ. ಹಾರ್ಡ್ ಡಿಸ್ಕಿನ ಉಳಿಕೆಯ ಆಸೆ ಇಲ್ಲಿ ಬಹುಮಟ್ಟಿಗೆ ಇಲ್ಲ. ಎಸ್‌ಎಸ್‌ಡಿಯನ್ನು ಕಪಾಟಿನಲ್ಲಿ ವರ್ಷಗಟ್ಟಲೆ ಇಡುವುದೂ ಕ್ಷೇಮವಲ್ಲ. ಕೋಶದೊಳಗಿನ ಎಲೆಕ್ಟ್ರಾನುಗಳು ನಿಧಾನವಾಗಿ ಸೋರುತ್ತವೆ, ಸೆಕೆ ಹೆಚ್ಚಿದಷ್ಟೂ ಬೇಗ. ಮನೆಬಳಕೆಯ ಎಸ್‌ಎಸ್‌ಡಿ ತನ್ನ ಆಯುಷ್ಯದಷ್ಟು ಸವೆದ ಮೇಲೆ, ಕರೆಂಟಿಲ್ಲದೆ 30 ಡಿಗ್ರಿ ಉಷ್ಣದಲ್ಲಿ ಒಂದು ವರ್ಷ ಮಾಹಿತಿ ಹಿಡಿದಿಟ್ಟರೆ ಸಾಕೆಂಬುದು ಜೆಡೆಕ್ ಎಂಬ ಉದ್ಯಮ ಸಂಸ್ಥೆಯ ಮಾನದಂಡ. ಹೊಸ ಡ್ರೈವ್ ಇದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಆದರೂ ನಮ್ಮ ಕರಾವಳಿಯ ಸೆಕೆಯಲ್ಲಿ ಕಪಾಟನ್ನು ನಂಬುವ ಮುನ್ನ ಯೋಚಿಸಬೇಕು.

ಪಹಣಿಯ ಪಾಠ

ಇದು ಬರೀ ಮನೆಯ ಫೋಟೋ, ಹಾಡುಗಳ ಮಾತಲ್ಲ. ಕುಮಟಾ, ಹೊನ್ನಾವರದಲ್ಲಿ ಶಾನಭಾಗ ಎಂಬ ಅಡ್ಡಹೆಸರಿನವರು ಮನೆಮನೆಗೆ ಸಿಗುತ್ತಾರೆ. ಊರ ಲೆಕ್ಕ ಬರೆಯುತ್ತಿದ್ದ ಶಾನುಭೋಗಿಕೆಯ ನೆನಪು ಆ ಹೆಸರಿನಲ್ಲಿ ಉಳಿದಿದೆ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಕಾಯಿದೆ ರದ್ದುಮಾಡಿತು. ಅವರ ಲೆಕ್ಕ ಗ್ರಾಮಲೆಕ್ಕಿಗರ ಕೈಗೆ ಬಂತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯ ಮೂಲಕ ರಾಜ್ಯ ಸರಕಾರ 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ಕೈಬರಹದ ಪಹಣಿ ನಡೆಯದೆಂದು ಸಾರಿತು. ರೈತನ ಗದ್ದೆಯ ಸಾಕ್ಷಿ ಕಾಗದದಿಂದ ಡಿಸ್ಕಿಗೆ ದಾಟಿದ್ದು ಹೀಗೆ. 2024ರಿಂದ ‘ಭೂಸುರಕ್ಷಾ’ ಎಂಬ ಹೆಸರಿನಲ್ಲಿ ತಾಲ್ಲೂಕು ಕಚೇರಿಗಳ ದಾಖಲೆ ಕೋಣೆಯ ಹಳೆಯ ಭೂದಾಖಲೆಗಳನ್ನೂ ಸ್ಕ್ಯಾನ್ ಮಾಡುವ ಕೆಲಸ ನಡೆದಿದೆ.

ಒಳ್ಳೆಯ ಕೆಲಸ. ಗೆದ್ದಲಿಗೆ, ತೇವಕ್ಕೆ, ತಿದ್ದುವ ಕೈಗಳಿಗೆ ಕಾಗದ ಎಷ್ಟು ಸುಲಭದ ತುತ್ತೆಂಬುದು ಎಲ್ಲರಿಗೂ ಗೊತ್ತು. ಆದರೆ ಸ್ಕ್ಯಾನ್ ಆಯಿತೆಂದ ಮಾತ್ರಕ್ಕೆ ಕಾಗದ ಗುಜರಿಗೆ ಹೋಗಬಾರದು. ನಾವು ಕ್ಯಾಸೆಟ್ಟಿಗೆ ಮಾಡಿದ್ದು ಅದನ್ನೇ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬುದು ಕಂಪ್ಯೂಟರಿನವರು ಈಗ ಹೇಳುವ ಸೂತ್ರ. ಒಂದೇ ಪೆಟ್ಟಿಗೆಯಲ್ಲಿರುವ ದಾಖಲೆ, ಅದು ಎಷ್ಟೇ ಹೊಸ ಪೆಟ್ಟಿಗೆಯಾಗಲಿ, ದಾಖಲೆಯೆಂದು ನಂಬಿ ಕೂರಲು ಸಾಲದು.

ಅಜ್ಜಿಯ ಪಟ್ಟಿ

ಮರುದಿನ ಎಸ್‌ಎಸ್‌ಡಿಯನ್ನು ಪೇಟೆಯ ರಿಪೇರಿ ಅಂಗಡಿಗೆ ಒಯ್ದೆ. ನಡುವಯಸ್ಸಿನ ಅಂಗಡಿಯವರು ನೋಡಿ, ‘ತಮಾ, ರಿಪೇರಿ ಒತ್ತುವ ಮೊದಲು ಒಂದು ನಕಲು ತೆಗೆಯಬೇಕಿತ್ತು. ಈಗ ಇದ್ದಷ್ಟನ್ನು ನೋಡುವ’ ಎಂದರು. ಪೆಟ್ಟಿಗೆ ಗಟ್ಟಿಯಿತ್ತು. ಹೆಸರುಗಳು ಮಾತ್ರ ಹೋಗಿದ್ದವು. ‘ಫೌಂಡ್’ ಎಂಬ ಒಂದು ಚೀಲದೊಳಗೆ ಬರೀ ನಂಬರು ಹೊತ್ತ ಕಡತಗಳ ರಾಶಿ. ಅವುಗಳಲ್ಲಿ ಧ್ವನಿ ಯಾವುದು, ಫೋಟೋ ಯಾವುದು ಎಂದು ಬೇರ್ಪಡಿಸಿ ಕೊಟ್ಟರು.

ಯಾವ ಕಡತ ಯಾವ ಪ್ರಸಂಗ ಎಂದು ನನಗೆ ತಿಳಿಯಲಿಲ್ಲ. ತಾಳಮದ್ದಲೆಯಲ್ಲಿ ನನ್ನ ಜ್ಞಾನ ಅಷ್ಟಕ್ಕಷ್ಟೆ. ಅಜ್ಜಿಯನ್ನು ಕೂರಿಸಿಕೊಂಡು ಒಂದೊಂದಾಗಿ ಹಾಕಿದೆ. ಭಾಗವತರು ಒಂದು ಪದ್ಯ ಎತ್ತುವಷ್ಟರಲ್ಲಿ ಅಜ್ಜಿ ಹೇಳುತ್ತಿದ್ದರು, ಇದು ಕೃಷ್ಣಸಂಧಾನ, ಇದು ಸುಧನ್ವಾರ್ಜುನ, ಇದು ಯಾರ ಮನೆಯ ಉಪನಯನದ ರಾತ್ರಿಯದು, ಕೆಮ್ಮುತ್ತಿರುವವರು ಯಾರು. ನಾನು ಬರೆದುಕೊಂಡೆ. ಒಂದು ಕಡತದಲ್ಲಿ ಕರ್ಣನ ಮಾತು ಅರ್ಧಕ್ಕೆ ತುಂಡಾಗಿ ವಾಲಿಯ ಮಾತು ಶುರುವಾಯಿತು. ಎರಡು ಕಡತಗಳ ಮನೆಗಳು ಖಾತೆಯಲ್ಲಿ ಹೆಣೆದುಕೊಂಡಾಗ ಹೀಗಾಗುತ್ತದೆ. ರಿಪೇರಿಗೆ ಮೊದಲೇ ನಕಲು ಇದ್ದಿದ್ದರೆ ಬಿಡಿಸಲು ಇನ್ನೊಂದು ಪ್ರಯತ್ನ ಮಾಡಬಹುದಿತ್ತೇನೊ. 32ರಲ್ಲಿ 27 ಸಿಕ್ಕವು. ಉಳಿದ 5 ಹೋದವು.

ಈಗ ಆ 27 ಮೂರು ಕಡೆ ಇವೆ. ಒಂದು ಪ್ರತಿ ಹೊನ್ನಾವರದ ಅತ್ತೆಯ ಮನೆಯಲ್ಲಿದೆ. ಅಜ್ಜಿ ಹೇಳಿ ಬರೆಸಿದ ಪಟ್ಟಿಯನ್ನು ಮಾತ್ರ ಕಾಗದದ ಮೇಲೆ, ಶಾಯಿಯಲ್ಲಿ ಬರೆದು ಇಟ್ಟಿದ್ದೇವೆ.